ಮಲಾವಿ: ಕಾಡು ಮತ್ತು ಕಡಲಿನಂಥ ಸರೋವರ

ಆಫ್ರಿಕೆಯ ಪ್ರವಾಸವೆಂದೊಡನೆ ಕೀನ್ಯಾ, ತಾಂಜಾನಿಯಾಗಳೇ ನೆನಪಾಗುತ್ತವೆ. ತಮ್ಮ ಇಷ್ಟದಂತೆ ದಿನಗಳನ್ನು ಹೊಂದಿಸಿಕೊಂಡು ಹೊರಡುವ ಕುಟುಂಬಗಳಿಗೆ ನಾವು ಮಲಾವಿಯನ್ನು ಸೂಚಿಸುತ್ತೇವೆ. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗಿನ ಒಣಹವೆಯ ಕಾಲ ಉತ್ತಮ. ಲಿವೊಂಡೆ ರಾಷ್ಟ್ರೀಯ ಉದ್ಯಾನದಲ್ಲಿ ದೋಣಿಯಲ್ಲಿ ಕುಳಿತೇ ಆನೆ, ನೀರಾನೆಗಳನ್ನು ಕಾಣಬಹುದು. ಕಳ್ಳಬೇಟೆಯಿಂದ ಸೊರಗಿದ್ದ ಈ ಕಾಡಿಗೆ 2017ರಲ್ಲಿ ಚೀತಾಗಳನ್ನೂ ಮರುವರ್ಷ ಸಿಂಹಗಳನ್ನೂ ಮರಳಿ ತರಲಾಯಿತು.

ಅಲ್ಲಿಂದ ಉತ್ತರಕ್ಕೆ ಸುಮಾರು 580 ಕಿ.ಮೀ. ಉದ್ದದ ಮಲಾವಿ ಸರೋವರ. ಅದರ ದಕ್ಷಿಣದ ಉದ್ಯಾನ 1984ರಿಂದ ವಿಶ್ವ ಪರಂಪರೆಯ ತಾಣ. ಬಣ್ಣಬಣ್ಣದ ಸಿಕ್ಲಿಡ್ ಮೀನುಗಳಿಗೆ ಪ್ರಸಿದ್ಧ.

ಆದರೆ ಈ ತಿಳಿನೀರಿನಲ್ಲಿ ಅಪಾಯವೊಂದುಂಟು. ಬಿಲ್ಹಾರ್ಜಿಯಾ ರೋಗದ ಹುಳು ನೀರಿನ ಬಸವನಹುಳುಗಳಲ್ಲಿ ಬೆಳೆದು, ಸ್ನಾನಕ್ಕಿಳಿದವರ ಚರ್ಮವನ್ನು ಭೇದಿಸಿ ಒಳಸೇರುತ್ತದೆ. ಬಸವನಹುಳುಗಳನ್ನು ತಿನ್ನುವ ಮೀನುಗಳನ್ನು ಮಿತಿಮೀರಿ ಹಿಡಿದುದರಿಂದ ರೋಗ ಹೆಚ್ಚಿತೆಂಬುದು ಸಂಶೋಧಕರ ಅಭಿಪ್ರಾಯ. ಪ್ರಾಜಿಕ್ವಾಂಟೆಲ್ ಮಾತ್ರೆಯಿಂದ ಗುಣವಾಗುತ್ತದೆ, ನಿಜ. ಆದರೆ ಅದು ಬಲಿತ ಹುಳುವನ್ನಷ್ಟೇ ಚೆನ್ನಾಗಿ ಕೊಲ್ಲಬಲ್ಲುದು. ಆದಕಾರಣ ಜೊಂಡು ಬೆಳೆದ ದಡದಲ್ಲಿ ಮಕ್ಕಳನ್ನು ನೀರಿಗಿಳಿಸಬಾರದು. ಊರಿಗೆ ಮರಳಿ ಎರಡು ಮೂರು ತಿಂಗಳಾದ ಮೇಲೆ ವೈದ್ಯರಿಗೆ ಸರೋವರದ ಸಂಗತಿ ತಿಳಿಸಿ ಪರೀಕ್ಷೆ ಮಾಡಿಸಬೇಕು. ಮಲೇರಿಯಾ ತಡೆಯುವ ಮಾತ್ರೆಯನ್ನಂತೂ ವೈದ್ಯರನ್ನು ಕೇಳಿ ಹೊರಡುವ ಮೊದಲೇ ಆರಂಭಿಸಬೇಕು.

ಊಟದ ಚಿಂತೆ ಬೇಡ. ಮೆಕ್ಕೆಜೋಳದ ಹಿಟ್ಟಿನ ನ್ಸೀಮಾ ನಮ್ಮ ಮುದ್ದೆಯ ಸೋದರಿ. ಕಾಳು, ಸೊಪ್ಪುಗಳೊಡನೆ ಸೊಗಸಾಗಿ ಒಳಗಿಳಿಯುತ್ತದೆ.