ಬಣ್ಣ ನೋಡಿ ಹೆಸರಿಟ್ಟರೆ ಎಡವಟ್ಟು! ಸೀ ಸ್ಲಗ್‌ಗಳ ಜಾತಿ ಗುರುತಿಸೋದು ಹೇಗೆ?

ಮಳೆಗಾಲದಲ್ಲಿ ತೋಟಕ್ಕೆ ನುಗ್ಗಿ ಕಾಟ ಕೊಡುವ ಬಸವನಹುಳು ಯಾರಿಗೆ ಗೊತ್ತಿಲ್ಲ? ಅದರ ದೂರದ ನೆಂಟರು ಸಮುದ್ರದಲ್ಲೂ ಇದ್ದಾರೆ. ಹೆಚ್ಚಿನವಕ್ಕೆ ಹೊರಗೆ ಚಿಪ್ಪಿಲ್ಲ. ಮೈಮೇಲೆ ಮಾತ್ರ ನೇರಳೆ, ಹಳದಿ, ನೀಲಿ ಹೀಗೆ ಬಣ್ಣವೋ ಬಣ್ಣ. ಇವೇ ಸೀ ಸ್ಲಗ್‌ಗಳು. ಇಷ್ಟು ಬಣ್ಣ ಇದ್ದ ಮೇಲೆ ಯಾವುದು ಯಾವ ಜಾತಿ ಅಂತ ಹೇಳೋದು ಸುಲಭ ಅನ್ನಿಸಬಹುದು. ಎಡವಟ್ಟಾಗೋದೇ ಅಲ್ಲಿ.

ಇವುಗಳಲ್ಲಿ ಹಲವು ಕಡಲ ಸ್ಪಂಜುಗಳನ್ನು ತಿಂದು ಅದರ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತವೆ. ಎದ್ದು ಕಾಣುವ ಬಣ್ಣ ಮೀನುಗಳಿಗೆ ಕೊಡುವ ಎಚ್ಚರಿಕೆ. ಅಕ್ಕಪಕ್ಕದ ಬೇರೆ ಬೇರೆ ಜಾತಿಗಳೂ ಅದೇ ಬಣ್ಣ ತೊಟ್ಟರೆ ಮೀನು ಬೇಗ ಪಾಠ ಕಲಿಯುತ್ತದೆ. ಹಾಗಾಗಿ ಜಾತಿ ಬೇರೆ, ವೇಷ ಒಂದೇ.

ಉಲ್ಟಾ ಕೂಡ ಉಂಟು. 2018ರಲ್ಲಿ ಹೆಸರು ಪಡೆದ ಹಿಪ್ಸೆಲೋಡೋರಿಸ್ ಇಬಾ ಎಂಬ ಜಾತಿಯಲ್ಲಿ ಕೆಲವು ನೇರಳೆ, ಕೆಲವು ಕೆನೆಬಣ್ಣ. ಎರಡೂ ಕೂಡುತ್ತಿರುವ ಫೋಟೋ ಸಿಕ್ಕಿತು, ಡಿಎನ್‌ಎ ಕೂಡ ಒಂದೇ ಜಾತಿ ಅಂತ ಹೇಳಿತು. ಫಿಲಿಪ್ಪೀನ್ಸ್‌ನ ಟಗಾಲೊಗ್ ಭಾಷೆಯಲ್ಲಿ 'ಇಬಾ' ಅಂದರೆ 'ಬೇರೆ'!

ಹಾಗಾದರೆ ನೋಡೋದು ಏನನ್ನು? ನಾಲಿಗೆಯಂತಹ ಪಟ್ಟಿಯ ಮೇಲಿನ ಸೂಕ್ಷ್ಮ ಹಲ್ಲುಗಳನ್ನು, ಸಂತಾನೋತ್ಪತ್ತಿ ಅಂಗಗಳನ್ನು, ಜೊತೆಗೆ ಡಿಎನ್‌ಎಯನ್ನು. ಸ್ಪಿರಿಟ್ ಬಾಟಲಿಗೆ ಹಾಕಿದರೆ ಬಣ್ಣ ಮಾಸಿಹೋಗುತ್ತದೆ. ಅದಕ್ಕೇ ಜೀವಂತ ಇರುವಾಗಲೇ ಫೋಟೋ ತೆಗೆದಿಡಬೇಕು. ಹೆಸರಿಟ್ಟ ಮಾದರಿಯನ್ನು ಸಂಗ್ರಹಾಲಯದಲ್ಲಿ ಇಡುತ್ತಾರೆ. ಮುಂದೆ ತಕರಾರು ಬಂದರೆ ಅದೇ ಸಾಕ್ಷಿ, ಜಮೀನಿಗೆ ಮೂಲ ಪತ್ರ ಇದ್ದ ಹಾಗೆ. ಒಂದೇ ಜಾತಿಗೆ ಇಬ್ಬರು ಹೆಸರಿಟ್ಟಿದ್ದರೆ ಸಾಮಾನ್ಯವಾಗಿ ಹಳೇ ಹೆಸರೇ ಉಳಿಯುತ್ತದೆ.

ನಮ್ಮ ದೇಶದ್ದೇ ಉದಾಹರಣೆ ಬೇಕಾ? ಪಶ್ಚಿಮ ಬಂಗಾಳದ ದಿಘಾ ಮತ್ತು ಪಕ್ಕದ ಒಡಿಶಾದ ಉದಯಪುರ ಕಡಲತೀರದ ಮರಳಿನಲ್ಲಿ ಒಂದು ಪುಟ್ಟ ಸೀ ಸ್ಲಗ್ ಸಿಕ್ಕಿತು. ಹೆಚ್ಚೆಂದರೆ 7 ಮಿ.ಮೀ. ಉದ್ದ. ಕಂದುಗಪ್ಪು ಮೈ, ಹಿಂಭಾಗದಲ್ಲಿ ಮಾಣಿಕ್ಯದಂಥ ಕೆಂಪು ಚುಕ್ಕೆ. ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣಾಲಯದ ವಿಜ್ಞಾನಿಗಳು ದೇಹರಚನೆ, ಡಿಎನ್‌ಎ ಎರಡನ್ನೂ ಪರೀಕ್ಷಿಸಿ ಹೊಸ ಜಾತಿ ಅಂತ ಖಚಿತಪಡಿಸಿದರು. 2024ರಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರ ಗೌರವಾರ್ಥ ಮೆಲನೋಕ್ಲಾಮಿಸ್ ದ್ರೌಪದಿ ಎಂಬ ಹೆಸರು ಪ್ರಕಟವಾಯಿತು. ಮೊದಲ ಪದ ಕುಲದ್ದು, ಅರ್ಥ 'ಕಪ್ಪು ಹೊದಿಕೆ', ಎರಡನೆಯದು ಜಾತಿಯದ್ದು.

ಅದೇ ಕರಾವಳಿಯಿಂದ ಇದೇ ಕುಲದ ಬೆಂಗಾಲೆನ್ಸಿಸ್ ಎಂಬ ಇನ್ನೊಂದು ಜಾತಿಗೆ ಅದಕ್ಕೂ ಮೊದಲೇ ಹೆಸರಿಡಲಾಗಿತ್ತು. ಎರಡನ್ನೂ ಒಂದೇ ಅಂತ ಬರೆದುಕೊಂಡಿದ್ದರೆ, ಪ್ರವಾಸಿಗರು ತುಳಿದಾಡುವ ಆ ಮರಳಿನಿಂದ ಒಂದು ಜಾತಿ ಪೂರ್ತಿ ಖಾಲಿಯಾದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ನಮ್ಮ ಕರಾವಳಿಯಲ್ಲೂ ಇಳಿತದ ಹೊತ್ತು ಬಂಡೆ ಸಂದಿಯ ನೀರಲ್ಲಿ ಇಂಥ ಜೀವಿ ಕಂಡರೆ ಕೈಯಲ್ಲಿ ಎತ್ತೋದು ಬೇಡ. ಮೇಲಿಂದ ಒಂದು, ಪಕ್ಕದಿಂದ ಒಂದು ಫೋಟೋ ತೆಗೆದು, ಜಾಗ ಮತ್ತು ತಾರೀಖು ಬರೆದಿಟ್ಟುಕೊಂಡರೆ ಸಾಕು.