ಹಲವು ದೇಶಗಳ ಪ್ರಯಾಣಕ್ಕೆ ಮುನ್ನ ಪಾಸ್‌ಪೋರ್ಟು

ನಮ್ಮ ವಾಚನಾಲಯಕ್ಕೆ ಬರುವ ಹಿರಿಯರೊಬ್ಬರು ದುಬೈಯಲ್ಲಿ ಮಗಳನ್ನು ಕಂಡು, ಅಲ್ಲಿಂದ ಜರ್ಮನಿಗೆ ಮಗನ ಬಳಿ ಹೋಗುವವರಿದ್ದರು. ಪಾಸ್‌ಪೋರ್ಟಿನ ಮುದ್ದತು ಇನ್ನೂ ಐದು ತಿಂಗಳಿದೆಯೆಂಬ ಧೈರ್ಯ ಅವರದು. ಜರ್ಮನಿ ಮೊದಲಾದ ಶೆಂಗೆನ್ ದೇಶಗಳಿಗೆ, ಅಲ್ಲಿಂದ ಹೊರಡುವ ದಿನದಾಚೆ ಮೂರು ತಿಂಗಳ ಮುದ್ದತು ಉಳಿದಿದ್ದರೆ ಸಾಕು. ದುಬೈಗೆ ಆರು ತಿಂಗಳು ಬೇಕು. ದಾರಿಯ ದೇಶಗಳಲ್ಲಿ ಯಾವುದರ ನಿಯಮ ಬಿಗಿಯೋ ಅದನ್ನೇ ಲೆಕ್ಕಕ್ಕೆ ಹಿಡಿಯಬೇಕು. ಶೆಂಗೆನ್ ವೀಸಾಕ್ಕೆ ಎರಡು ಖಾಲಿ ಪುಟಗಳೂ ಬೇಕು. 36 ಪುಟ ತುಂಬಿದರೆ ಹೊಸ ಪುಸ್ತಕವೇ ಗತಿ. ಹೆಚ್ಚು ತಿರುಗುವವರು 60 ಪುಟದ್ದನ್ನು ಕೇಳುವುದು ಮೇಲು.

ನಮ್ಮವರಿಗೆ ನಿಜವಾದ ತೊಡಕು ಹೆಸರಿನದು. ಗುಜರಾತಿನಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರನ್ನೂ ಬರೆಯುವ ರೂಢಿ. ನಮ್ಮಲ್ಲಿ ಅನೇಕರಿಗೆ ಒಂದೇ ಹೆಸರು, ಅದರ ಮುಂದೆ ಊರಿನದೋ ತಂದೆಯದೋ ಒಂದಕ್ಷರ. ಆ ಅಕ್ಷರವನ್ನು ಬಿಡಿಸಿ ಬರೆಯದೆ ಅಡ್ಡಹೆಸರಿನ ಜಾಗ ಬರಿದು ಬಿಟ್ಟವರಿದ್ದಾರೆ. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್, ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಇಲ್ಲವೆಂದಿತು. ಎರಡನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಒಪ್ಪುವುದಾಗಿ ಬಳಿಕ ತಿಳಿಸಿತು. ನಮ್ಮ ಹಿರಿಯರ ಪಾಸ್‌ಪೋರ್ಟಿನಲ್ಲೂ ಒಂದೇ ಹೆಸರು! ಪ್ರಯಾಣ ಮುಂದೂಡಿ, ಹೆಸರು ಬಿಡಿಸಿ ಬರೆಸಿ ಹೊಸದಕ್ಕೆ ಅರ್ಜಿ ಹಾಕಿದರು.

ಮುದ್ದತು ಮುಗಿಯುವ ಒಂದು ವರ್ಷ ಮೊದಲೇ ಅರ್ಜಿ ಹಾಕಬಹುದು. ಅಹಮದಾಬಾದ್, ವಡೋದರಾ, ಸೂರತ್ ಮೂರೂ ಕಡೆ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಿವೆ. ಹಳೆಯದರಲ್ಲಿ ಚಾಲ್ತಿಯ ವೀಸಾ ಇದ್ದರೆ ಅದನ್ನೂ ಜೊತೆಗಿಟ್ಟುಕೊಳ್ಳಿರಿ. ಟಿಕೇಟು ಕೊಳ್ಳುವ ಮೊದಲು ಕಾಗದಪತ್ರ ತಂದರೆ, ರವಿವಾರ ಸಂಜೆ ವಾಚನಾಲಯದಲ್ಲಿ ಕೂತು ನೋಡೋಣ.