ಎರೆಭೂಮಿಯ ಉದ್ಯಾನಕ್ಕೆ ಗೊಂಚಲು ಹೂವಿನ ಬಹುವಾರ್ಷಿಕ ಸಸ್ಯಗಳ ಆಯ್ಕೆ: ಮಂಗಸೂಳಿ ಪರಿಸರವನ್ನು ಅನುಲಕ್ಷಿಸಿ

ಬೆಳಗಾವಿ ಜಿಲ್ಲೆಯ ಕಾಗವಾಡ ತಾಲ್ಲೂಕಿನ ಮಂಗಸೂಳಿಯು ಖಂಡೋಬನ, ಅಂದರೆ ಮಲ್ಲಯ್ಯನ ಕ್ಷೇತ್ರವೆಂದು ಕರ್ನಾಟಕ ಮತ್ತು ಮಹಾರಾಷ್ಟ್ರಗಳೆರಡರಲ್ಲಿಯೂ ಹೆಸರಾಗಿದೆ. ಭಂಡಾರದ ಹಳದಿಯಿಂದ ಗುರುತಿಸಲ್ಪಡುವ ಈ ಊರನ್ನು ಸಸ್ಯಶಾಸ್ತ್ರದ ಕಣ್ಣಿನಿಂದ ನೋಡಿದವರು ವಿರಳ. ಹೂದೋಟವನ್ನು ಕುರಿತು ಕನ್ನಡದಲ್ಲಿ ಬಂದಿರುವ ಬರವಣಿಗೆಯಲ್ಲಿ ಬಹುಪಾಲು ಬೆಂಗಳೂರಿನ ಕೆಂಪುಮಣ್ಣನ್ನೋ ಮಲೆನಾಡಿನ ತಂಪನ್ನೋ ಮನಸ್ಸಿನಲ್ಲಿಟ್ಟುಕೊಂಡು ರಚಿತವಾದುದು. ಅದನ್ನು ನಂಬಿ ಅಥಣಿ, ರಾಯಬಾಗ, ಕಾಗವಾಡಗಳ ಎರೆಭೂಮಿಯಲ್ಲಿ ಗಿಡ ನೆಟ್ಟವರಿಗೆ ಎರಡನೆಯ ವರ್ಷದಲ್ಲಿಯೇ ನಿರಾಸೆ ಕಾದಿರುತ್ತದೆ. ಗೊಂಚಲು ಹೂವಿನ ಪೊದೆಗಳನ್ನೂ ಬಹುವಾರ್ಷಿಕಗಳನ್ನೂ ಆರಿಸುವಾಗ ಹೂವಿನ ಬಣ್ಣಕ್ಕಿಂತ ಮೊದಲು ಮಣ್ಣಿನಲ್ಲಿರುವ ಸುಣ್ಣವನ್ನೂ, ಅನಂತರ ಗೊಂಚಲಿನ ರಚನೆಯನ್ನೂ ಪರಿಶೀಲಿಸಬೇಕೆಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ.

ಕೃಷಿ ಹವಾಮಾನ ವಲಯಗಳ ವಿಂಗಡಣೆಯಲ್ಲಿ ಅಥಣಿ ಮತ್ತು ರಾಯಬಾಗ ಪ್ರದೇಶಗಳು ಉತ್ತರ ಒಣ ವಲಯಕ್ಕೆ (ವಲಯ 3), ಚಿಕ್ಕೋಡಿಯು ಉತ್ತರ ಪರಿವರ್ತನಾ ವಲಯಕ್ಕೆ (ವಲಯ 8) ಸೇರುತ್ತವೆ. ಕಾಗವಾಡ ತಾಲ್ಲೂಕು ಅಥಣಿಯಿಂದಲೇ ಬೇರ್ಪಟ್ಟದ್ದರಿಂದ ಮಂಗಸೂಳಿಯನ್ನು ಒಣ ವಲಯದ ಲಕ್ಷಣಗಳೊಂದಿಗೆ ನೋಡುವುದು ಯುಕ್ತ. ಮಳೆ ಕಡಿಮೆ; ಬರುವುದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬೀಳುತ್ತದೆ. ದಖ್ಖನ್ನಿನ ಬಸಾಲ್ಟ್ ಶಿಲೆ ಸವೆದು ಉಂಟಾದ ಇಲ್ಲಿನ ಕಪ್ಪು ಮಣ್ಣು ನೀರುಂಡಾಗ ಉಬ್ಬಿ, ಒಣಗಿದಾಗ ಬಿರಿಯುತ್ತದೆ. ಬಿರುಕುಗಳು ಎಳೆಯ ಬೇರುಗಳನ್ನು ಹರಿಯುತ್ತವೆ. ಇದಕ್ಕಿಂತ ಮುಖ್ಯವಾದುದು ಮಣ್ಣಿನಲ್ಲಿ ಬೆರೆತಿರುವ ಸುಣ್ಣದ ಹರಳು. ಇದರಿಂದ ಮಣ್ಣಿನ ರಸಸಾರ ಸಾಮಾನ್ಯವಾಗಿ 8ರ ಆಸುಪಾಸಿನಲ್ಲಿಯೋ ಅದಕ್ಕಿಂತ ಮೇಲೆಯೋ ಇರುತ್ತದೆ. ಕೃಷ್ಣೆಯ ನೀರನ್ನೆತ್ತಿ ಕಬ್ಬು ಬೆಳೆದ ಹೊಲಗಳಲ್ಲಿ ಮೂರನೆಯ ತೊಡಕೂ ಸೇರಿದೆ: ಅತಿಯಾದ ನೀರಾವರಿಯಿಂದ ಭೂಮಿ ಸವಳು ಜವಳಾಗುವುದು. ಒಂದೇ ಊರಿನ ಮೇಲುಭಾಗದ ಮನೆಯಂಗಳ ಬಿರಿದಿದ್ದರೆ, ತಗ್ಗಿನ ಅಂಗಳದಲ್ಲಿ ಉಪ್ಪಿನ ಬಿಳಿಪೊರೆ ಕಾಣುವುದುಂಟು.

ಸುಣ್ಣದ ಪರಿಣಾಮವನ್ನು ತಿಳಿಯಲು ಕೇಪಳಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ. ನರ್ಸರಿಗಳಲ್ಲಿ ಇಕ್ಸೋರಾ ಎಂದು ಮಾರಾಟವಾಗುವ ಈ ಪೊದೆ ಕರಾವಳಿಯ ಜಂಬಿಟ್ಟಿಗೆ ಮಣ್ಣಿನಲ್ಲಿ, ಧಾರಾಳವಾದ ಮಳೆಯಲ್ಲಿ, ಆರೈಕೆಯಿಲ್ಲದೆಯೂ ಕೆಂಡದಂತಹ ಗೊಂಚಲು ಬಿಡುತ್ತದೆ. ಅದನ್ನೇ ಎರೆಮಣ್ಣಿನಲ್ಲಿ ನೆಟ್ಟರೆ ಮೊದಲ ವರ್ಷ ನಳನಳಿಸುತ್ತದೆ. ಬೇರಿನ ಸುತ್ತ ನರ್ಸರಿಯ ಕೆಮ್ಮಣ್ಣಿನ ಹೆಂಟೆ ಇರುವವರೆಗೆ ಅದಕ್ಕೆ ಹೊಸ ನೆಲದ ಅರಿವೇ ಇರುವುದಿಲ್ಲ. ಬೇರು ಹೊರಚಾಚಿದೊಡನೆ ಚಿಗುರೆಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಇದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ, ಬಸಾಲ್ಟ್ ಮೂಲದ ಮಣ್ಣಿನಲ್ಲಿ ಅದು ಸಮೃದ್ಧವಾಗಿಯೇ ಇದೆ. ಕ್ಷಾರದ ನೆಲದಲ್ಲಿ ಅದು ಕರಗದ ರೂಪ ತಾಳಿ ಬೇರಿಗೆ ಎಟುಕದಂತಾಗುತ್ತದೆ. ಬೈಕಾರ್ಬೊನೇಟ್ ಹೆಚ್ಚಿರುವ ಕೊಳವೆಬಾವಿಯ ನೀರನ್ನುಣಿಸಿದರೆ ಈ ತೊಂದರೆ ಇಮ್ಮಡಿಸುತ್ತದೆ. ಗಿಡದ ಬುಡಕ್ಕೆ ಕಬ್ಬಿಣದ ಸಲ್ಫೇಟ್ ಹಾಕುವ ರೂಢಿಯಿಂದ ಹೆಚ್ಚಿನ ಪ್ರಯೋಜನವಿಲ್ಲ, ಅದೂ ಕೆಲವೇ ದಿನಗಳಲ್ಲಿ ಕರಗದ ರೂಪಕ್ಕೆ ತಿರುಗುತ್ತದೆ. ಶೇಕಡಾ 0.5ರ ದ್ರಾವಣವನ್ನು ಎಲೆಗಳ ಮೇಲೆ ಸಿಂಪಡಿಸಿದರೆ ತಾತ್ಕಾಲಿಕ ಪರಿಹಾರ ದೊರೆಯುತ್ತದೆ. ಅಂಗಡಿಯಲ್ಲಿ ದೊರೆಯುವ ಕಬ್ಬಿಣದ ಕೀಲೇಟುಗಳಲ್ಲಿ ಇಡಿಟಿಎ ರೂಪದ್ದು ಕ್ಷಾರದ ನೆಲದಲ್ಲಿ ನಿಲ್ಲುವುದಿಲ್ಲ. ಇಡಿಡಿಎಚ್‌ಎ ರೂಪದ್ದು ನಿಲ್ಲುತ್ತದೆ, ಆದರೆ ದುಬಾರಿ. ಕೇಪಳವನ್ನು ಬಿಡಲಾರದವರು ಎಲೆಗೊಬ್ಬರ ತುಂಬಿದ ದೊಡ್ಡ ಕುಂಡದಲ್ಲಿ ಬೆಳೆದು, ಹಿಡಿದಿಟ್ಟ ಮಳೆನೀರನ್ನು ಉಣಿಸುವುದೇ ಮೇಲು.

ಇದೇ ಮಾತು ಹೈಡ್ರೇಂಜಿಯಕ್ಕೂ ಸಲ್ಲುತ್ತದೆ. ಮಡಿಕೇರಿ, ಊಟಿಗಳಲ್ಲಿ ಅದರ ನೀಲಿ ಗೊಂಚಲನ್ನು ಕಂಡವರಿಗೆ ಅದನ್ನು ಊರಿಗೆ ತರುವ ಆಸೆಯಾಗುವುದು ಸಹಜ. ಅಲ್ಲಿನ ನೀಲಿಗೆ ಕಾರಣ ಹುಳಿಮಣ್ಣಿನಲ್ಲಿ ಕರಗಿ ದೊರೆಯುವ ಅಲ್ಯೂಮಿನಿಯಂ. ಸುಣ್ಣದ ನೆಲದಲ್ಲಿ ಅದೇ ಗಿಡದ ಹೂ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಮಂಗಸೂಳಿಯ ಏಪ್ರಿಲ್ ಬಿಸಿಲಿನಲ್ಲಿ ಅಷ್ಟು ದೂರ ಹೋಗುವ ಮೊದಲೇ ಗಿಡ ಬಾಡುತ್ತದೆ.

ನೆಲದಲ್ಲಿ ಸುಣ್ಣವೆಷ್ಟೆಂದು ಸ್ಥೂಲವಾಗಿ ಅರಿಯುವುದು ಕಷ್ಟವಲ್ಲ. ಒಣಮಣ್ಣಿನ ಹೆಂಟೆಯ ಮೇಲೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಕೆಲವು ಹನಿ ಬಿಟ್ಟಾಗ ನೊರೆ ಉಕ್ಕಿದರೆ ಸುಣ್ಣ ಸಾಕಷ್ಟಿದೆಯೆಂದರ್ಥ. ಲವಣಾಂಶವನ್ನು ಮಾತ್ರ ಪ್ರಯೋಗಾಲಯದಲ್ಲಿಯೇ ಅಳೆಯಿಸಬೇಕು.

ಇನ್ನು ಗೊಂಚಲಿನ ರಚನೆ. ನಾವು ಗೊಂಚಲೆಂದು ಒಂದೇ ಮಾತಿನಲ್ಲಿ ಹೇಳುವುದನ್ನು ಸಸ್ಯಶಾಸ್ತ್ರವು ಪುಷ್ಪಮಂಜರಿ ಎಂದು ಕರೆದು ಅದರಲ್ಲಿ ಅನೇಕ ಬಗೆಗಳನ್ನು ಗುರುತಿಸುತ್ತದೆ. ತೋಟಗಾರನಿಗೆ ಮುಖ್ಯವಾದ ಭೇದ ಎರಡೇ. ಒಂದರಲ್ಲಿ ದಂಟಿನ ತುದಿ ಬೆಳೆಯುತ್ತಲೇ ಇರುತ್ತದೆ; ಹೂಗಳು ಬುಡದಿಂದ ಮೇಲಕ್ಕೆ ಒಂದೊಂದಾಗಿ ಅರಳುತ್ತವೆ. ರತ್ನಗಂಧಿ ಇದಕ್ಕೆ ಒಳ್ಳೆಯ ಉದಾಹರಣೆ. ಗಡಿಯಾಚೆಯ ಮರಾಠಿಯಲ್ಲಿ ಇದಕ್ಕೆ ಶಂಕಾಸುರವೆಂದು ಹೆಸರು. ತುದಿಯಲ್ಲಿ ಮೊಗ್ಗು ಮೂಡುತ್ತಿರುವಾಗಲೇ ಬುಡದಲ್ಲಿ ಕಾಯಿ ಕಟ್ಟಿರುತ್ತದೆ. ಇಂತಹ ಗೊಂಚಲನ್ನು ಒಟ್ಟಾಗಿ ಕತ್ತರಿಸಿದರೆ ಮುಂದಿನ ವಾರಗಳ ಹೂವನ್ನೇ ಕತ್ತರಿಸಿದಂತೆ. ಕಾಯಿಗಳನ್ನಷ್ಟೇ ಕಿತ್ತರೆ ದಂಟು ಬಹುಕಾಲ ಅರಳುತ್ತದೆ. ಸುಗಂಧರಾಜದ ಕಡ್ಡಿಯೂ ಕೆಳಗಿನಿಂದಲೇ ಅರಳುವುದರಿಂದ ಒಂದೆರಡು ಹೂ ಬಿರಿದಾಗ ಕೊಯ್ದರೂ ಮೇಲಿನ ಮೊಗ್ಗುಗಳು ಹೂದಾನಿಯಲ್ಲಿ ತೆರೆದುಕೊಳ್ಳುತ್ತವೆ. ಎರಡನೆಯ ಬಗೆಯಲ್ಲಿ ಕೊಂಬೆಯ ತುದಿಯೇ ಹೂವಾಗಿ ಮುಗಿದು, ಮುಂದಿನ ಬೆಳವಣಿಗೆ ಅದರ ಕೆಳಗಿನ ಕವಲುಗಳಿಂದ ನಡೆಯುತ್ತದೆ. ಕಣಗಿಲೆ ಈ ಬಗೆಯದು. ಅದರಲ್ಲಿ ಎಲೆಗಳು ಮೂರು ಮೂರಾಗಿ ಕೂಡಿರುವಂತೆ ಗೊಂಚಲಿನ ಕೆಳಗಿನಿಂದ ಕವಲುಗಳೂ ಸಾಮಾನ್ಯವಾಗಿ ಮೂರು ಒಡೆಯುತ್ತವೆ. ಆದುದರಿಂದ ಹೂವಿನ ಹಂಗಾಮು ಮುಗಿದ ಮೇಲೆ ಸವರಿದರೆ ಮುಂದಿನ ಗೊಂಚಲುಗಳ ಸಂಖ್ಯೆ ಹೆಚ್ಚುತ್ತದೆ.

ಕಾಗದದ ಹೂವಿನದು, ಅಂದರೆ ಬೋಗನ್‌ವಿಲ್ಲಾದ್ದು, ಈ ಎರಡಕ್ಕಿಂತ ಬೇರೆಯದೇ ಕಥೆ. ಅದರಲ್ಲಿ ಬಣ್ಣ ತೋರುವುದು ಹೂವಲ್ಲ. ಮೂರು ಸಣ್ಣ ಕೊಳವೆಹೂಗಳನ್ನು ಸುತ್ತುವರಿದ ಮೂರು ಉಪಪತ್ರಗಳು. ಎಲೆಯ ಜಾತಿಯವಾದುದರಿಂದಲೇ ಅವು ಹೂ ಉದುರಿದ ಮೇಲೂ ವಾರಗಟ್ಟಲೆ ಉಳಿಯುತ್ತವೆ. ನೀರು ಕಡಿಮೆಯಾದಾಗ ಹೆಚ್ಚು ಬಣ್ಣ ತಳೆಯುವ ಈ ಗಿಡವು ಒಣ ವಲಯಕ್ಕೆಂದೇ ಹುಟ್ಟಿದಂತಿದೆಯಾದರೂ ಮೂಲತಃ ದಕ್ಷಿಣ ಅಮೆರಿಕದ್ದು. ಮೇಲುಭಾಗದ ಅಂಗಳಕ್ಕೆ ಇದಕ್ಕಿಂತ ನಿಶ್ಚಿಂತೆಯ ಆಯ್ಕೆಯಿಲ್ಲ. ಜವಳು ನೆಲದಲ್ಲಿ ಮಾತ್ರ ಇದರ ಬೇರು ಕೊಳೆಯುತ್ತದೆ. ಅಲ್ಲಿ ನೆಡಲೇಬೇಕಾದರೆ ಮಣ್ಣೇರಿಸಿದ ದಿಬ್ಬದ ಮೇಲೆ ನೆಡಬೇಕು.

ಸವಳನ್ನೂ ಸುಣ್ಣವನ್ನೂ ಒಟ್ಟಿಗೆ ಸಹಿಸುವ ಪೊದೆಗಳಲ್ಲಿ ಕಣಗಿಲೆಗೆ ಅಗ್ರಸ್ಥಾನ. ಶಿವಪೂಜೆಗೆ ಸಲ್ಲುವ ಹೂವೆಂಬ ಗೌರವವೂ ಇದಕ್ಕಿದೆ. ಆದರೆ ಈ ಸಸ್ಯದ ಪ್ರತಿಯೊಂದು ಭಾಗವೂ ಹೃದಯಕ್ಕೆ ಮಾರಕವಾದ ವಿಷವನ್ನು ಹೊಂದಿದೆ. ಎಮ್ಮೆ, ಹಸು ಕಟ್ಟುವ ಅಂಗಳಗಳೇ ಹೆಚ್ಚಿರುವ ಈ ಭಾಗದಲ್ಲಿ ಇದು ಕಡೆಗಣಿಸುವ ಸಂಗತಿಯಲ್ಲ. ಹಸಿ ಎಲೆಯ ಕಹಿಗೆ ದನಗಳು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಅಪಾಯವಿರುವುದು ಸವರಿದ ರೆಂಬೆಗಳು ಒಣಗಿ ಕಬ್ಬಿನ ಸೋಗೆಯೊಂದಿಗೆ ಬೆರೆತು ಗೋದಲಿಗೆ ಬಿದ್ದಾಗ. ಒಣಗಿದರೂ ವಿಷ ಅಳಿಯುವುದಿಲ್ಲ, ಸುಟ್ಟರೆ ಹೊಗೆಯೂ ಹಾನಿಕರ. ಕೊಟ್ಟಿಗೆಯ ಬದಿಗೆ, ಚಿಕ್ಕ ಮಕ್ಕಳ ಶಾಲೆಯ ಆವರಣಕ್ಕೆ ಕಣಗಿಲೆಯನ್ನು ನಾನು ಸೂಚಿಸಲಾರೆ. ರಸ್ತೆಯ ನಡುವಣ ಪಟ್ಟಿಗೆ ಅದು ಸರಿಯಾದ ಗಿಡ. 19ನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಭಾರತಕ್ಕೆ ಬಂದ ಲಂಟಾನ ಕಾಡುಗಳನ್ನೆಲ್ಲ ಆಕ್ರಮಿಸಿತು, ದನಗಳ ಯಕೃತ್ತನ್ನೂ ಕೆಡಿಸುತ್ತದೆ. ಅದರ ಬಣ್ಣಬಣ್ಣದ ಗೊಂಚಲಿಗೆ ಮಾರುಹೋಗದಿರುವುದೇ ಲೇಸು.

ಕೊಟ್ಟಿಗೆಯ ಸಮೀಪಕ್ಕೆ ಮದರಂಗಿ ಒಳ್ಳೆಯದು. ಹೂ ಚಿಕ್ಕದು, ಮಾಸಲು ಬಿಳುಪು. ಆದರೆ ಗೊಂಚಲು ದೊಡ್ಡದು, ಪರಿಮಳ ಸಂಜೆಯವರೆಗೂ ಅಂಗಳವನ್ನು ತುಂಬಿರುತ್ತದೆ. ಬೇಲಿಯಾಗಿ ಪ್ರತಿ ತಿಂಗಳು ಸವರುವವರು ಅದರ ಹೂವನ್ನು ಕಾಣುವುದೇ ಇಲ್ಲವೆಂಬುದು ಬೇರೆ ಮಾತು. ಕೃಷ್ಣೆಯ ದಡದ ಊರುಗಳಿಗೆ, 2019ರ ಆಗಸ್ಟ್ ಪ್ರವಾಹದಂತಹ ನೆರೆ ನುಗ್ಗುವ ತಗ್ಗುಗಳಿಗೆ, ಹೊಳೆಯಂಚಿನಲ್ಲಿ ತಾನಾಗಿಯೇ ಬೆಳೆಯುವ ಲಕ್ಕಿಗಿಡವೇ ಸೂಕ್ತ. ಅದರ ನಸುನೀಲಿ ಮಂಜರಿಗೆ ಜೇನ್ನೊಣಗಳು ಮುತ್ತುತ್ತವೆ.

ಆದರೆ ಈ ನೆಲಕ್ಕೆ ನನ್ನ ಮೊದಲ ಆಯ್ಕೆ ತಂಗಡಿ, ಅಂದರೆ ಹೊನ್ನಾವರಿಕೆ. ಬೀಳುಭೂಮಿಯ ಕಂಟಿಯೆಂದು ತಾತ್ಸಾರಕ್ಕೆ ಗುರಿಯಾದ ಈ ಸ್ಥಳೀಯ ಪೊದೆಯ ತೊಗಟೆಯನ್ನು ದಕ್ಷಿಣ ಭಾರತದಲ್ಲಿ ಚರ್ಮ ಹದಗೊಳಿಸಲು ಬಳಸುತ್ತಿದ್ದರು. ನೆರೆಯ ತೆಲಂಗಾಣವು ಬತುಕಮ್ಮ ಹಬ್ಬದ ಈ ಹೂವನ್ನು 2014ರಲ್ಲಿ ರಾಜ್ಯಪುಷ್ಪವೆಂದು ಘೋಷಿಸಿತು. ನಮ್ಮ ನರ್ಸರಿಗಳಲ್ಲಿ ಅದು ಕಾಣಸಿಗುವುದು ಅಪರೂಪ. ಮಳೆಗಾಲದ ಕೊನೆಯಿಂದ ಚಳಿಗಾಲದವರೆಗೆ ಅದರ ಹೊಂಬಣ್ಣದ ಗೊಂಚಲುಗಳು ಅರಳುತ್ತವೆ. ಖಂಡೋಬನ ಕ್ಷೇತ್ರಗಳಲ್ಲಿ ಚಂಪಾಷಷ್ಠಿ ಬರುವುದು ಮಾರ್ಗಶಿರದಲ್ಲಿ, ಸುಗಂಧರಾಜದ ಹೂ ಇಳಿಮುಖವಾಗುವ ಕಾಲದಲ್ಲಿ. ಭಂಡಾರದ ಬಣ್ಣವನ್ನೇ ಹೊತ್ತ ತಂಗಡಿ ಆ ದಿನಗಳಲ್ಲಿ ಅಂಗಳವನ್ನು ತುಂಬಬಲ್ಲುದು. ಅದರ ಹೂವಿನಲ್ಲಿ ಮಕರಂದವಿಲ್ಲ. ದೊಡ್ಡ ಬಡಗಿ ದುಂಬಿಗಳು ಹೂವನ್ನಪ್ಪಿ ಗುಂಯ್‌ಗುಟ್ಟಿ, ಆ ಕಂಪನದಿಂದ ಪರಾಗವನ್ನು ಉದುರಿಸಿಕೊಳ್ಳುತ್ತವೆ.

ತಂಗಡಿಯ ಬೇಸಾಯದಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಬೀಜದ ಸಿಪ್ಪೆ ಗಡುಸು, ಆದುದರಿಂದ ಮರಳುಕಾಗದದಲ್ಲಿ ಉಜ್ಜಿಯೋ ಬಿಸಿನೀರಿನಲ್ಲಿ ನೆನೆಸಿಯೋ ಬಿತ್ತಬೇಕು. ತಾಯಿಬೇರು ಬೇಗ ಆಳಕ್ಕಿಳಿಯುವುದರಿಂದ ದೊಡ್ಡ ಗಿಡವನ್ನು ಕಿತ್ತು ನೆಟ್ಟರೆ ಬದುಕುವುದು ಕಷ್ಟ. ಜೂನಿನ ಮೊದಲ ಮಳೆಗೆ ಬೀಜವನ್ನು ನೆಟ್ಟಲ್ಲಿಯೇ ಊರಿ, ಸೆಪ್ಟೆಂಬರಿನ ದೊಡ್ಡ ಮಳೆಯ ಹೊತ್ತಿಗೆ ಬುಡದಲ್ಲಿ ನೀರು ನಿಲ್ಲದಂತೆ ಮಣ್ಣೇರಿಸಿದರೆ ಸಾಕು. ಬೇಸಿಗೆಯಲ್ಲಿ ಬುಡಕ್ಕೆ ಕಬ್ಬಿನ ರವದಿ ಹೊದಿಸಿದರೆ ಎರೆ ಬಿರಿಯುವುದು ತಗ್ಗುತ್ತದೆ.